ಟವೆಲ್ಲಿನ ಕೆಳಗಿನ ಮಾತು

ಅಣ್ಣನ ಹೆಗಲ ಮೇಲಿನ ಟವೆಲ್ಲು ಜಾರುತ್ತಿದೆ, ಯಾರಾದರೂ ಸರಿ ಮಾಡಬಾರದೇ, ಬಿಳಿ ಟವೆಲ್ಲು, ಹಸಿರು ಅಂಚು, ಹೊಸದನ್ನು ತಂದು ಹೊದಿಸಿದ್ದಾರೆ, ಹೊಸ ಬಟ್ಟೆಯ ಗಂಜಿ ಇನ್ನೂ ಬಿಟ್ಟಿಲ್ಲ, ಅದಕ್ಕೇ ನಿಲ್ಲುತ್ತಿಲ್ಲ, ಅವನ ಹೆಗಲಿಗೆ ಹಳೆಯದೇ ಒಗ್ಗುತ್ತಿತ್ತು, ನೂರು ಸಲ ಒಗೆದು ಮೆತ್ತಗಾದದ್ದು — ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸಿದ್ದಾರೆ, ಹಣೆಗೂ ತೋಳಿಗೂ ಎದೆಗೂ ವಿಭೂತಿ, ಕೊರಳಲ್ಲಿ ಚೆಂಡುಹೂವು, ನಿನ್ನೆ ಸಂಜೆ ಐದು ಗಂಟೆಗೆ ಜಹೀರಾಬಾದಿನ ಆಸ್ಪತ್ರೆಯಲ್ಲಿ ಉಸಿರು ಬಿಟ್ಟವನು ಈ ಬೆಳಿಗ್ಗೆ ನಾರಾಯಣಖೇಡದ ತನ್ನ ಮಗನ ಮನೆಯ ಪಡಸಾಲೆಯಲ್ಲಿ ಬಂದವರನ್ನು ಮಾತಾಡಿಸುವವನ ಹಾಗೆ ಕೂತಿದ್ದಾನೆ, ಬರ್ರಿ, ಕೂಡ್ರಿ, ಚಹಾ ಆತೇನ್ರಿ ಎಂದು ಇನ್ನೇನು ಕೇಳಿಯೇಬಿಡುತ್ತಾನೆ. ಎಪ್ಪತ್ತೆಂಟು ವರ್ಷ ತುಂಬು ಬಾಳು, ಶಿವಾ, ನಿನಗೆ ಶರಣು, ಇಷ್ಟು ವರ್ಷ ಇವನನ್ನು ನನಗೆ ಕೊಟ್ಟೆಯಲ್ಲ ಎಂದು ಬೆಳಿಗ್ಗೆ ಪೂಜೆಯಲ್ಲಿ ಹೇಳಿದೆ, ಅಳು ಬಂತು, ಆದರೂ ಹೇಳಿದೆ. ಅತ್ತಿ, ಜರಾ ಚಹಾ ಕುಡೀರಿ ಎನ್ನುತ್ತಾನೆ ಬಸವಕಿರಣ, ಅಣ್ಣನ ಒಬ್ಬನೇ ಮಗ, ಕಣ್ಣು ಕೆಂಪಗೆ, ಬ್ಯಾಡಪ್ಪ ಎನ್ನುತ್ತೇನೆ, ನನ್ನ ಕಣ್ಣು ಅಣ್ಣನ ಎಡಗೈ ಮೇಲಿದೆ. ಮುಷ್ಟಿ. ಬಲಗೈ ಸಡಿಲವಾಗಿ ತೊಡೆಯ ಮೇಲೆ ಬಿದ್ದಿದೆ, ಎಡಗೈ ಮಾತ್ರ ಮುಷ್ಟಿ ಕಟ್ಟಿ ಕೂತಿದೆ, ಸೊಸೆ ಸ್ವಾತಿ ಬೆಳಗಿನಿಂದ ಎರಡು ಸಲ ಬಿಸಿನೀರಿನ ಬಟ್ಟೆ ಸುತ್ತಿ ನೋಡಿದಳು, ಬಿಚ್ಚಲಿಲ್ಲ, ಹನ್ನೊಂದಕ್ಕೆ ಸಿರ್ಗಾಪುರದಿಂದ ಅಯ್ಯನೋರು ಬರುತ್ತಾರೆ, ಎತ್ತುವ ಮುಂಚೆ ಎಡ ಅಂಗೈಯಲ್ಲಿ ಲಿಂಗ ಇಟ್ಟು ಕೊನೆಯ ಪೂಜೆ ಆಗಬೇಕು, ಎಪ್ಪತ್ತು ವರ್ಷ ದಿನವೂ ಲಿಂಗ ಹಿಡಿದ ಅಂಗೈ ಇವತ್ತು ತೆರೆಯುವುದಿಲ್ಲ ಎಂದರೆ ಹೇಗೆ, ಜನ ಏನೆಂದಾರು ಎಂದು ಸ್ವಾತಿಗೆ ಚಿಂತೆ. ನನ್ನ ಚಿಂತೆ ಬೇರೆ. ಮೊನ್ನೆ ಆ ಕೈ ನನ್ನ ಕೈ ಹಿಡಿದಿತ್ತು, ಆಸ್ಪತ್ರೆಯ ನೀಲಿ ಹೊದಿಕೆಯ ಕೆಳಗೆ, ಐದೂ ಬೆರಳು ಸೇರಿಸಿ ಒತ್ತಿತ್ತು. ಅದು ನರ ಅಷ್ಟೆ, ತಾನಾಗಿ ಬಿಗಿಯುತ್ತೆ, ಅರ್ಥ ಹಚ್ಚಬೇಡಿ ಮೇಡಂ ಎಂದರು ಡಾಕ್ಟರು. ಒತ್ತಿದ್ದು ನರವೋ ಅಣ್ಣನೋ — ನನಗೆ ಅದೊಂದು ತಿಳಿಯಬೇಕು, ಯಾಕೆಂದರೆ ಹನ್ನೊಂದು ವರ್ಷದಿಂದ ಅವನನ್ನು ಕೇಳಬೇಕಾದ ಒಂದು ಮಾತನ್ನು ನಾನು ಬಾಯಿ ಬಿಟ್ಟು ಕೇಳಿಲ್ಲ.

ಟವೆಲ್ಲು ಮತ್ತೆ ಜಾರಿತು. ತಾಂಡೂರಿನ ಮಾರುಕಟ್ಟೆಯಲ್ಲಿ ಅವನ ಟವೆಲ್ಲು ಹೆಗಲ ಮೇಲೆ ಇದ್ದದ್ದೇ ಕಡಿಮೆ, ಇಬ್ಬರು ಎದುರುಬದುರು ಕೂತರೆ ಕೈಗಳ ಮೇಲೆ ಟವೆಲ್ಲು ಬೀಳುತ್ತಿತ್ತು, ಕೆಳಗೆ ಬೆರಳು ಮಾತಾಡುತ್ತಿದ್ದವು, ಮೇಲೆ ಇಬ್ಬರೂ ಮಳೆಯ ವಿಷಯ, ಮಗಳ ಲಗ್ನದ ವಿಷಯ, ತೊಗರಿಯ ರಾಶಿಯ ಸುತ್ತ ಹತ್ತು ಜನ ನಿಂತಿದ್ದರೂ ದರ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅಪ್ಪ ಹೋದ ವರ್ಷ ಅಣ್ಣ ಓದು ಬಿಟ್ಟು ಅಲ್ಲಿ ಒಬ್ಬ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ತೂಕಕ್ಕೆ ನಿಂತ, ಅವನಿಗೆ ಹತ್ತೊಂಬತ್ತು, ನನಗೆ ಎಂಟು, ರಜೆಯಲ್ಲಿ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ, ಚೀಲದ ಮೇಲೆ ಕೂರಿಸಿ ಶೇಂಗಾ ಕೊಡಿಸುತ್ತಿದ್ದ, ಹೊತ್ತು ಇಳಿದ ಮೇಲೆ ನನ್ನ ಕೈ ಮೇಲೂ ಟವೆಲ್ಲು ಹಾಕಿ ಆಟ ಕಲಿಸಿದ — ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದೂ ಸೇರಿಸಿ ಒತ್ತಿದರೆ ಸೌದಾ ಮುಗಿಸೋಣ. ನಾನು ಬೇಗ ಬೇಗ ಐದೂ ಒತ್ತಿಬಿಡುತ್ತಿದ್ದೆ, ಅವನು ಹೆಬ್ಬೆರಳಿನಿಂದ ನನ್ನ ಅಂಗೈಗೆ ಉದ್ದಕ್ಕೆ ಗೀರಿ ಕಚಗುಳಿ ಇಟ್ಟು ಬಿಡುತ್ತಿದ್ದ, ನಾನು ಕಿಲಕಿಲ ನಕ್ಕು ಕೈ ಎಳೆದುಕೊಳ್ಳುತ್ತಿದ್ದೆ. ಎಡಗೈ, ಅವನದು ಯಾವಾಗಲೂ ಎಡಗೈ, ಊಟ ಮತ್ತು ಪ್ರಸಾದಕ್ಕೆ ಮಾತ್ರ ಬಲಗೈ, ಮಾರುಕಟ್ಟೆಯವರೆಲ್ಲ ಎಡಚಾ ಎಡಚಾ ಎಂದೇ ಕರೆಯುತ್ತಿದ್ದರು, ಎಡಚನ ಕೈಯಾಗಿನ ದರ ಬ್ರಹ್ಮನಿಗೂ ತಿಳಿಯಂಗಿಲ್ಲ ಎಂದು ನಗುತ್ತಿದ್ದರು, ಬೆಳಿಗ್ಗೆ ಅದೇ ಅಂಗೈಯಲ್ಲಿ ಲಿಂಗ, ಹಗಲೆಲ್ಲ ಅದೇ ಅಂಗೈಯಲ್ಲಿ ದರ, ಅದಕ್ಕೇ ಸುಳ್ಳು ಹೇಳಾಕ ಆಗಂಗಿಲ್ಲ ತಂಗಿ, ಮುಂಜಾನಿ ಮತ್ತ ಅವನನ್ನ ಇದ್ರಾಗೇ ಕೂರಿಸಬೇಕಲ್ಲ ಎಂದಿದ್ದ ಒಮ್ಮೆ. ಬೆಲೆ ಯಾಕೆ ಬಟ್ಟೆಯ ಕೆಳಗೆ ಇರಬೇಕು ಅಣ್ಣಾ, ಎಲ್ಲರಿಗೂ ಹೇಳಿದರೆ ಏನಾಗುತ್ತದೆ ಎಂದು ನಾನು ಕೇಳಿದ್ದು ಆ ಚೀಲದ ಮೇಲೆ ಕೂತೇ. ಅದನ್ನ ನೀನೇ ಓದಿ ಬಂದು ನನಗ ಹೇಳು ಅಂದ. ನನ್ನ ನೌಕರಿಯ ಮೊದಲ ದಿನ ಅದೇ ಎಂದು ಈಗ ಅನಿಸುತ್ತದೆ.

ಓದಿದೆ. ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಹೈದರಾಬಾದಿಗೆ ಹೋದ ಮೇಲೆ ಇಂಗ್ಲಿಷು, ಹೆಣ್ಣುಮಗಳನ್ನು ಅಷ್ಟು ದೂರ ಕಳಸ್ತಿಯೇನೋ ಶಾಂತಪ್ಪ ಎಂದು ಬೀದಿಯೆಲ್ಲ ಕೇಳಿದಾಗ ಅವಳು ಬರೀ ದೂರ ಹೋಗ್ತಾಳ, ಬ್ಯಾರೆ ಆಗಂಗಿಲ್ಲ ಎಂದ ಅಣ್ಣ, ಅಣ್ಣನ ಹೆಂಡತಿ ಈಶಮ್ಮ ವೈನಿ ಮದುವೆಯಾಗಿ ಬಂದ ಹೊಸತು, ನನ್ನ ಟ್ರಂಕಿನಲ್ಲಿ ಶೇಂಗಾ ಹಿಂಡಿಯ ಡಬ್ಬಿ ಇಟ್ಟು ಅದರ ಮೇಲೆ ತನ್ನ ಹೊಸ ಸೀರೆ ಮಡಚಿ ಇಟ್ಟಳು, ನಾ ಎಲ್ಲಿ ಉಡ್ತೀನಿ ಇಲ್ಲಿ, ನೀ ಉಡು, ಕಾಲೇಜಿನೋರು ಇವಳ ಮನ್ಯಾಗ ಯಾರೂ ಇಲ್ಲಂತ ತಿಳೀಬಾರದು ಎಂದಳು. ವೈನಿ, ನಿನಗೂ ಶರಣು. ಅರ್ಥಶಾಸ್ತ್ರದಲ್ಲಿ ಎಂ.ಎ., ಆಮೇಲೆ ಪರೀಕ್ಷೆ, ಮುಂಬೈಯಲ್ಲಿ ದೇಶದ ದೊಡ್ಡ ಬ್ಯಾಂಕಿನ ಸಂಶೋಧನಾ ವಿಭಾಗ, ಬೆಲೆಗಳ ಶಾಖೆಯಲ್ಲಿ ಕಿಟಕಿಯಿಲ್ಲದ ಮೂಲೆಯಲ್ಲಿ ಒಂದು ಮೇಜು, ಆ ಮೇಜಿಗೂ ಶರಣು, ಅದರ ಮೇಲೆ ನನ್ನ ಮೊದಲ ವರದಿ ಬರೆದೆ, ಹನ್ನೆರಡು ಮಾರುಕಟ್ಟೆ ಸುತ್ತಿ, ತಾಂಡೂರೂ ಅದರಲ್ಲಿ ಸೇರಿತ್ತು, ಟವೆಲ್ಲಿನ ಕೆಳಗಿನ ಬೆರಳುಗಳ ಲೆಕ್ಕವನ್ನೆಲ್ಲ ಚಿತ್ರ ಬಿಡಿಸಿ ವಿವರಿಸಿ ಕೊನೆಗೆ ಈ ಪದ್ಧತಿ ನಿಲ್ಲಬೇಕು, ಬೆಲೆಯನ್ನು ಕೂಗಿ ಹೇಳಬೇಕು ಎಂದು ಬರೆದೆ, ಮೇಲಿನವರು ಮೆಚ್ಚಿದರು, ಅದನ್ನು ಅಣ್ಣನಿಗೆ ಕನ್ನಡದಲ್ಲಿ ಓದಿ ಹೇಳಿದರೆ ನನ್ನ ಹೆಗಲ ಮ್ಯಾಗಿನ ಟವೆಲ್ ಕಿತ್ತಿಯಲ್ಲೇ ಗಂಗಾ ಎಂದು ಎರಡು ದಿನ ನಕ್ಕ, ಸಿಟ್ಟು ಅವನಿಗೆ ಬರುತ್ತಲೇ ಇರಲಿಲ್ಲ, ಅದೇ ನನ್ನ ಕಷ್ಟ, ಸಿಟ್ಟಾಗಿದ್ದಾನೋ ಇಲ್ಲವೋ ತಿಳಿಯುವ ದಾರಿ ಯಾವತ್ತೂ ಇರಲಿಲ್ಲ.

ವರ್ಷಗಳು ಉರುಳಿದವು, ಸಲಹೆಗಾರ್ತಿ ಆದೆ, ನಿರ್ದೇಶಕಿ ಆದೆ, ಸಂಸಾರ ಹೂಡಲಿಲ್ಲ, ಹೂಡಬೇಕು ಎನಿಸಿದಾಗ ವಯಸ್ಸು ಮುಂದೆ ಹೋಗಿತ್ತು, ಅದಕ್ಕೂ ಕೊರಗಿಲ್ಲ, ಭಾನುವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅಣ್ಣನಿಗೆ ಫೋನು ಮಾಡುವುದು ನನ್ನ ಸಂಸಾರವಾಗಿತ್ತು. ಫೋನು ತೊಗರಿಯಿಂದಲೇ ಶುರುವಾಗಬೇಕು, ಅದು ನಮ್ಮಿಬ್ಬರ ರೂಢಿ, ತೊಗರಿ ಹ್ಯಾಂಗ ಅದ ಅಣ್ಣಾ ಎಂದು ನಾನು, ಹೂ ಚಲೋ ಹಿಡದದ ಎಂದು ಅವನು, ಆಮೇಲೆ ವೈನಿ, ಹುಡುಗ, ಎಮ್ಮೆ, ಮಠ. ಒಂದು ವರ್ಷ ನಮ್ಮ ಕಚೇರಿಯ ಲೆಕ್ಕವೆಲ್ಲ ಬೇಳೆಯ ದರ ಇಳಿಯುತ್ತದೆ ಎನ್ನುತ್ತಿತ್ತು, ಮಂಜು ಬಿದ್ದದ ತಂಗಿ, ದೌಲತಾಬಾದ್ ಕಡೆ ಹೂ ಎಲ್ಲಾ ಉದುರಿ ಬಿದ್ದಾವ, ಗಿಡದಾಗ ಬರೀ ಎಲಿ ಎಂದ ಅಣ್ಣ, ನಾನು ಸಭೆಯಲ್ಲಿ ಒಬ್ಬಳೇ ಹಟ ಹಿಡಿದೆ, ಬೇಳೆ ಏರಿತು, ಮೇಡಂಗೆ ಇದೆಲ್ಲ ಎಲ್ಲಿಂದ ತಿಳಿಯುತ್ತದೆ ಎಂದು ಸಹೋದ್ಯೋಗಿಗಳು ಬೆರಗಾದರು, ಹೊಲದಿಂದ ಎಂದೆ. ಡೆಪ್ಯುಟಿ ಗವರ್ನರ್ ಎಂಬ ಹಲಗೆ ನನ್ನ ಬಾಗಿಲಿಗೆ ಬಿದ್ದ ದಿನ ಅಣ್ಣನೂ ವೈನಿಯೂ ಮುಂಬೈಗೆ ಬಂದರು, ಸಮುದ್ರ ಕಾಣುವ ಆ ಕೋಣೆಯಲ್ಲಿ ಅಣ್ಣ ಕುರ್ಚಿಯ ತುದಿಗೆ ಕೂತ, ವೈನಿ ಮೇಜಿನ ಮೂಲೆಗೆ ಒಂದು ಚಿಟಿಕೆ ವಿಭೂತಿ ಹಚ್ಚಿದಳು, ಅದನ್ನು ಒರೆಸದ ಹಾಗೆ ಜವಾನನಿಗೆ ಹೇಳಿ ಮೂರು ವರ್ಷ ಉಳಿಸಿಕೊಂಡೆ. ಬಡ್ಡಿಯ ದರ ತೀರ್ಮಾನಿಸುವ ಆರು ಜನರಲ್ಲಿ ನಾನೊಬ್ಬಳು, ಅಣ್ಣಾ, ಇನ್ನು ಮುಂದೆ ತೀರ್ಮಾನ ಸಾರುವವರೆಗಿನ ಏಳು ದಿನ ಬೆಲೆಯ ಮಾತು, ಬಡ್ಡಿಯ ಮಾತು ಯಾರ ಹತ್ತಿರವೂ ಆಡಬಾರದು, ಅದು ನಿಯಮ ಎಂದು ಅವನಿಗೆ ತಿಳಿಸಿ ಹೇಳಿದೆ. ಅಂದ್ರ ಆರೂ ಮಂದಿ ಟವೆಲ್ ಹಾಕ್ಕೊಂಡು ಕೂಡ್ತೀರಿ ಅನ್ನು, ನಮ್ಮದು ಕಿತ್ತಿ, ನಿಮ್ಮದು ಹಾಕ್ಕೊಂಡ್ರಿ ಎಂದ, ವೈನಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು, ವೈನಿ ನಕ್ಕದ್ದು ನಾನು ನೋಡಿದ್ದು ಅದೇ ಕೊನೆ.

ಬಿಸಿನೀರು ತರುತ್ತೀನಿ ಅತ್ತಿ, ಇನ್ನೊಂದು ಸಲ ನೋಡೋಣ ಎಂದು ಸ್ವಾತಿ ಒಳಗೆ ಹೋಗುತ್ತಾಳೆ. ಹನ್ನೊಂದು ವರ್ಷದ ಹಿಂದಿನ ಆ ಏಳು ದಿನಗಳಲ್ಲಿ ಐದನೆಯದು, ಸೋಮವಾರ, ಸಭೆಗೆ ಹೋಗುವ ಓಣಿಯಲ್ಲಿ ನಿಂತಿದ್ದೇನೆ, ಪಕ್ಕದಲ್ಲಿ ಇಬ್ಬರು ಹಿರಿಯ ಅಧಿಕಾರಿಗಳು, ಬೇಳೆ ಮತ್ತೆ ಏರಿದ ವರ್ಷ, ಪತ್ರಿಕೆಯವರೆಲ್ಲ ಬಾಗಿಲಲ್ಲಿ, ಫೋನು ಬಂತು, ಅಣ್ಣ, ಸೋಮವಾರ ಅವನು ಎಂದೂ ಮಾಡುವುದಿಲ್ಲ, ಅದು ಆಗ ನನ್ನ ತಲೆಗೆ ಹೋಗಲಿಲ್ಲ, ಗಂಗಾ, ಈ ಸಲ ತೊಗರಿ ಎಂದು ಶುರು ಮಾಡಿದ, ನಾನು ಪಕ್ಕದವರಿಗೂ ಕೇಳುವ ಹಾಗೆ ಅಣ್ಣಾ, ಈ ವಾರ ತೊಗರಿ ಬ್ಯಾಡಂತ ಹೇಳಿಲ್ಲೇನು, ಫೋನ್ ಇಡು ಎಂದೆ. ಅವನ ಹಿಂದೆ ಯಾರೋ ತೆಲುಗಿನಲ್ಲಿ ಒಂದು ಹೆಸರು ಕೂಗುತ್ತಿದ್ದರು, ಗಾಲಿಗಳ ಕಿರಕಿರ, ಆತು ಬಿಡು, ಇಡ್ತೀನಿ ಎಂದ, ಇಟ್ಟ. ಬುಧವಾರ ಟಿವಿಯಲ್ಲಿ ನಮ್ಮ ತೀರ್ಮಾನ ಹೇಳಿದೆವು, ಸಂಜೆ ಬಸವಕಿರಣನ ಫೋನು, ಅತ್ತಿ, ಅವ್ವ ಹೋದ್ಳು, ಮೂರು ದಿನ ದವಾಖಾನಿಯಾಗ ಇದ್ಳು, ಅಪ್ಪ ನಿಮಗ ಸೋಮವಾರನ ಹೇಳ್ಯಾನಲ್ಲ, ನೀವು ಬರ್ತೀರಂತ ಅವ್ವ ದಾರಿ ನೋಡಿದ್ಳು. ಮಾರುಕಟ್ಟೆಯಲ್ಲಿ ಬೆಳೆದವನು, ಭಾರವಾದ ಮಾತನ್ನು ನೇರ ಹೇಳಲಾರ, ಮಳೆಯಿಂದ ಹಿಡಿದು, ಬೆಳೆಯಿಂದ ಹಿಡಿದು ಅಲ್ಲಿಗೆ ಬರಬೇಕು, ತೊಗರಿಯ ಬಾಗಿಲಿಂದ ಒಳಗೆ ಬಂದು ನಿನ್ನ ವೈನಿಗೆ ಆರಾಮಿಲ್ಲ ಎನ್ನುವವನಿದ್ದ, ನಾನು ಆ ಬಾಗಿಲನ್ನೇ ಮುಚ್ಚಿದೆ, ಅವನ ರೂಢಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಗೊತ್ತಿದ್ದೂ ಮುಚ್ಚಿದೆ. ಮರುದಿನ ಓಡಿ ಬಂದಾಗ ಮಣ್ಣು ಆಗಿಹೋಗಿತ್ತು. ಅಣ್ಣ ಬಾಗಿಲಲ್ಲಿ ನಿಂತು ಟಿವಿಯಾಗ ನೋಡಿದೆ, ಚಲೋ ಮಾತಾಡಿದಿ, ಕೈ ಕಾಲು ತೊಳಕೊಂಡು ಉಣ್ಣು ಎಂದ, ಅಷ್ಟೇ, ಹನ್ನೊಂದು ವರ್ಷ ಅಷ್ಟೇ. ಭಾನುವಾರದ ಫೋನು ನಿಲ್ಲಲಿಲ್ಲ, ಆದರೆ ಆಮೇಲೆ ಅವನು ಮೊದಲು ಕೇಳುತ್ತಿದ್ದ, ತಂಗಿ, ಇವತ್ತ ಟವೆಲ್ ಅದನೋ ಇಲ್ಲೋ. ಇದೆ ಎಂದರೆ ಎಮ್ಮೆಯ ವಿಷಯ, ಇಲ್ಲ ಎಂದರೆ ತೊಗರಿ. ನಗುತ್ತಲೇ ಕೇಳುತ್ತಿದ್ದ. ಹಾಸ್ಯವೋ, ಚುಚ್ಚುವುದೋ, ನನ್ನನ್ನು ಕಾಪಾಡುವುದೋ, ಅವತ್ತಿನದನ್ನು ಕ್ಷಮಿಸಿದಿಯಾ ಅಣ್ಣಾ ಎಂದು ಕೇಳಲು ಎಷ್ಟೋ ಸಲ ಬಾಯಿ ತೆರೆದೆ, ತೊಗರಿ ಹ್ಯಾಂಗ ಅದ ಎಂದೇ ಬಂತು. ನಾನೂ ಅದೇ ಮಾರುಕಟ್ಟೆಯವಳಲ್ಲವೇ.

ನಾಲ್ಕು ದಿನದ ಹಿಂದೆ ಪೂಜೆಗೆ ಕೂತಲ್ಲೇ ಬಲಕ್ಕೆ ಒರಗಿದನಂತೆ, ಬಲಗೈ ಬಲಗಾಲು ಹೋಯಿತು, ಮಾತೂ ಹೋಯಿತು, ನಿವೃತ್ತಿಯ ಮೇಲೆ ಸೇರಿದ ಹೈದರಾಬಾದಿನ ನನ್ನ ಮನೆಯಿಂದ ಜಹೀರಾಬಾದಿಗೆ ಬಂದೆ, ಎರಡು ದಿನ ಮಂಚದ ಹತ್ತಿರ ಕೂತೆ, ಕಣ್ಣು ತೆರೆದು ನೋಡುತ್ತಿದ್ದ, ಸುತ್ತ ಮಗ, ಸೊಸೆ, ನರ್ಸು, ಅವರೆದುರು ಹೇಗೆ ಕೇಳಲಿ, ಹೊದಿಕೆಯ ಕೆಳಗೆ ಕೈ ಹಾಕಿದೆ, ಅವನ ಎಡಗೈ ಅಲ್ಲೇ ಇತ್ತು, ಕಾಯುತ್ತಿದ್ದ ಹಾಗೆ, ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿತು, ಐದನ್ನೂ ಸೇರಿಸಿತು, ಒತ್ತಿತು, ಬಿಡಲಿಲ್ಲ, ಜರುಗಿ ಅಮ್ಮಾ, ಚಾದರ ಬದಲಿಸಬೇಕು ಎಂದಳು ನರ್ಸು, ಹೊದಿಕೆ ಎಳೆದಳು, ನನ್ನ ಕೈ ಹೊರಗೆ ಬಂತು, ಅವನ ಕೈ ಖಾಲಿ ಜಾಗವನ್ನೇ ಹಿಡಿದುಕೊಂಡಿತು. ಆಗ ಮುಚ್ಚಿದ ಮುಷ್ಟಿ. ನರ ಎಂದರು ಡಾಕ್ಟರು. ಬದುಕೆಲ್ಲ ಅಂಕಿಯ ಹಿಂದೆ ಏನಿದೆ ಎಂದು ಹುಡುಕಿದವಳು ನಾನು, ಐದು ಬೆರಳಿನ ಹಿಂದೆ ಏನಿತ್ತು ಎಂದು ಹೇಳಲಾರದೆ ಕೂತಿದ್ದೇನೆ.

ಬಾಗಿಲಲ್ಲಿ ಕೋಲಿನ ಸದ್ದು, ಮನ್ಮಥಪ್ಪ, ತಾಂಡೂರಿನಿಂದ ಮೊದಲ ಬಸ್ಸಿಗೆ ಹೊರಟು ಎರಡು ಬಸ್ಸು ಬದಲಿಸಿ ಬಂದಿದ್ದಾನೆ, ಅಣ್ಣನ ಜೊತೆ ನಲವತ್ತು ವರ್ಷ ತೊಗರಿ ತೂಗಿದವನು, ಎಂಬತ್ತು ದಾಟಿದ್ದಾನೆ, ಅಣ್ಣನ ಎದುರು ನಿಂತು ಏನೋ ಎಡಚಾ, ಕಡೀಕೂ ನನಕಿಂತ ಮೊದಲ ತೂಕದ ಕಾಟಾ ಇಳಿಸಿ ಹೊಂಟಿ, ಭಾಳ ಅವಸರ ನಿಂದು ಎನ್ನುತ್ತಾನೆ, ಕಣ್ಣೊರೆಸಿಕೊಂಡು ನನ್ನ ಪಕ್ಕ ಗೋಡೆಗೆ ಒರಗಿ ಕೂರುತ್ತಾನೆ. ಹೋಗುವಾಗ ಸಂಕಟ ಆತೇನು ಗಂಗಾಬಾಯಿ. ಇಲ್ಲ ಮಾಮಾ, ಶಾಂತವಾಗಿ ಹೋದ. ಕೈ ಯಾಕ ಹಿಂಗ ಹಿಡದಾನ. ಆಗ ಹೇಳಿದೆ, ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದೆ, ಹೊದಿಕೆ, ಬೆರಳು, ಐದೂ ಒತ್ತಿದ್ದು, ಡಾಕ್ಟರು ನರ ಎಂದದ್ದು. ಮನ್ಮಥಪ್ಪ ಕೋಲನ್ನು ಪಕ್ಕಕ್ಕೆ ಇಟ್ಟ. ನೀ ಏನ್ ಮಾಡಿದಿ ಎಂದ. ಏನೂ ಮಾಡಲಿಲ್ಲ ಮಾಮಾ, ನರ್ಸು ಚಾದರ ಎಳೆದಳು. ಗೆರಿ ಎಳೀಲಿಲ್ಲೇನು. ಯಾವ ಗೆರೆ. ಅವನು ನನ್ನ ಕಡೆ ತಿರುಗಿ ನೋಡುತ್ತಾನೆ, ಇಷ್ಟು ದೊಡ್ಡ ಬ್ಯಾಂಕ್ ನಡೆಸಿದಿ, ನಮ್ಮ ಟವೆಲ್ ಮ್ಯಾಲ ಪುಸ್ತಕ ಬರದಿ, ಗೆರಿ ಗೊತ್ತಿಲ್ಲೇನವ್ವ, ಐದು ಬೆರಳ ಒತ್ತಾಂವ ಕೇಳ್ತಾನ, ಇಲ್ಲಿಗೆ ಮುಗಸೋಣೇನು, ನನ್ನ ಕಡೀಲಿಂದ ಏನೂ ಉಳಿದಿಲ್ಲ ಅಂತ, ಒಪ್ಪಿಗಿ ಇದ್ರ ಎದುರಿನವರು ಹೆಬ್ಬಟ್ಟಿನಿಂದ ಅವನ ಅಂಗೈಗೆ ಉದ್ದಕ ಒಂದು ಗೆರಿ ಎಳೀಬೇಕು, ಆಗ ಸೌದಾ ಆತು, ಗೆರಿ ಬೀಳೂತನ ಒತ್ತಿದಾಂವ ಕೈ ಬಿಡಂಗಿಲ್ಲ. ನರ ಗಿರ ಡಾಕ್ಟರಗ ಗೊತ್ತಿರಬಹುದು, ಈ ಎಡಚ ಹಾಂಗ ಕೈ ಹಿಡಕೊಂಡು ಕುಂತಿದ್ದು ನಾ ಸಾವಿರ ಸಲ ನೋಡೀನಿ. ಕಚಗುಳಿ. ಅದು ಕಚಗುಳಿ ಅಲ್ಲ. ಎಂಟು ವರ್ಷದವಳು ಚೀಲದ ಮೇಲೆ ಕೂತು ಬೇಗ ಬೇಗ ಐದೂ ಒತ್ತಿಬಿಡುತ್ತಿದ್ದೆ, ನಾನು ಕೇಳುತ್ತಿದ್ದೆ, ಪ್ರತಿ ಸಲವೂ ಅವನು ಒಪ್ಪಿ ಗೆರೆ ಎಳೆಯುತ್ತಿದ್ದ, ನನ್ನ ಯಾವ ಸೌದಾವನ್ನೂ ಅವನು ಒಲ್ಲೆ ಎನ್ನಲಿಲ್ಲ, ಹೈದರಾಬಾದು, ಪರೀಕ್ಷೆ, ಮುಂಬೈ, ಮದುವೆ ಬೇಡ ಎಂದದ್ದು, ಎಲ್ಲಕ್ಕೂ ಒಂದು ಗೆರೆ, ಅರವತ್ತು ವರ್ಷದಲ್ಲಿ ಒಂದೇ ಸಲ ಅವನು ಒತ್ತಿದ, ಎಳೆಯಬೇಕಾದವಳು ನಾನು. ಆ ವರದಿಯಲ್ಲಿ ಬೆರಳುಗಳ ಚಿತ್ರ ಎಷ್ಟಿದ್ದವು, ಗೆರೆಯ ಮಾತು ಎಲ್ಲೂ ಇಲ್ಲ.

ಅಯ್ಯನೋರು ಬಂದರು, ಜನ ಎದ್ದು ನಿಂತರು, ಪಾದಕ್ಕೆ ನೀರು, ಗಂಟೆ, ಬಿಲ್ವದ ಬುಟ್ಟಿ, ವಿಭೂತಿಯ ಗಟ್ಟಿ, ಅಣ್ಣನ ಕೊರಳಿನಿಂದ ಲಿಂಗವನ್ನು ಬಿಚ್ಚಿ ಕೈಗೆ ತೆಗೆದುಕೊಂಡು ಅಂಗೈ ತೆರೀರಿ ಎನ್ನುತ್ತಾರೆ, ಬಸವಕಿರಣ ಬಗ್ಗುತ್ತಾನೆ, ನಾನು ತೆರೀತೀನಿ ತಡಿ ಎನ್ನುತ್ತೇನೆ, ಮೊಣಕಾಲು ನೋಯುತ್ತದೆ, ಕೂರುತ್ತೇನೆ, ಎದುರುಬದುರು, ಟವೆಲ್ಲು ಪೂರಾ ಜಾರಿ ತೊಡೆಗೆ ಬಿದ್ದಿದೆ, ಅದನ್ನೇ ಎತ್ತಿ ಅವನ ಕೈಯ ಮೇಲೂ ನನ್ನ ಕೈಯ ಮೇಲೂ ಹಾಕುತ್ತೇನೆ, ಇದೇನು ಎಂದು ಯಾರೋ ಪಿಸುಗುಟ್ಟುತ್ತಾರೆ, ಸುಮ್ಮಕಿರ್ರಿ ಎನ್ನುತ್ತಾನೆ ಮನ್ಮಥಪ್ಪ. ಕೆಳಗೆ ತಣ್ಣಗಿದೆ, ಎಷ್ಟು ತಣ್ಣಗೆ, ಬೆರಳ ಸಂದಿಯಲ್ಲಿ ನನ್ನ ಬೆರಳು ಹೋಗುವಷ್ಟು ಜಾಗವಿದೆ, ಬಿಟ್ಟು ಬಂದ ಜಾಗ, ಒಂದು, ಎರಡು, ಐದೂ ಸೇರಿಸಿ ಇಡುತ್ತೇನೆ, ವೈನಿಯನ್ನು ನೆನೆಯುತ್ತೇನೆ, ದಾರಿ ನೋಡಿದವಳನ್ನು, ಆ ಸೋಮವಾರವನ್ನು ನೀನು ಎಂದೋ ಇಳಿಸಿದ್ದೆ ಅಣ್ಣಾ, ಹೊತ್ತು ತಿರುಗಿದವಳು ನಾನೇ, ಆತು, ಮುಗಸೋಣ, ಹೆಬ್ಬೆರಳು ಹೊರಗೆ ತೆಗೆದು ವಿಭೂತಿ ಗಟ್ಟಿಗೆ ಒತ್ತಿ ಮತ್ತೆ ಒಳಗೆ ತರುತ್ತೇನೆ, ಮುಷ್ಟಿಯ ಕೆಳಗಿನಿಂದ, ಮಣಿಕಟ್ಟಿನ ಹತ್ತಿರದಿಂದ, ನಿಧಾನ, ಒಳಕ್ಕೆ, ಅಂಗೈಯ ಉದ್ದಕ್ಕೆ — ಬಿಸಿನೀರಿಗೆ ಮೆತ್ತಗಾಗಿತ್ತು ಅತ್ತಿ, ಅದಕ್ಕೇ ಬಿಚ್ಚಿತು ಎಂದು ಸ್ವಾತಿ ಆಮೇಲೆ ಹೇಳುತ್ತಾಳೆ, ಇರಬಹುದು, ಇರಲಿ, ಬೆರಳು ಒಂದೊಂದಾಗಿ ನನ್ನ ಕೈ ಬಿಟ್ಟವು, ಟವೆಲ್ಲು ತೆಗೆದೆ, ಅಯ್ಯನೋರು ಲಿಂಗ ಹಿಡಿದು ಕಾಯುತ್ತಿದ್ದಾರೆ, ಗಂಟೆ ನಿಂತಿದೆ, ಎಲ್ಲರೂ ಬಗ್ಗಿ ನೋಡುತ್ತಿದ್ದಾರೆ, ತೆರೆದ ಎಡ ಅಂಗೈ, ತೂಕದ ಚೀಲ ಎಳೆದು ಎಳೆದು ಗಟ್ಟಿಯಾದದ್ದು, ಅದರ ಮೇಲೆ ಮಣಿಕಟ್ಟಿನಿಂದ ಬೆರಳ ಬುಡದವರೆಗೆ, ಬೆಳ್ಳಗೆ, ಸ್ವಲ್ಪ ಸೊಟ್ಟ, ಬೂದಿಯ ಒಂದು ಗೆರೆ.